ಬಿಳಿ ಚೌಕದ ಅರಿಶಿಣ

ಗಾವಡಗೆರೆಯಲ್ಲಿ ಈಜುವ ಹುಡುಗಿ ಎಂದರೆ ಹರ್ಷಿತಾ ಒಬ್ಬಳೇ. ಜೊತೆಗೆ ಕೆರೆಗೆ ಇಳಿಯುತ್ತಿದ್ದವರೆಲ್ಲ ದೊಡ್ಡವರಾದೆವೆಂದು ಮನೆಯಲ್ಲಿ ಕೂತರು. ಭಾನುವಾರ ಬಸ್ಸು ಹತ್ತಿ ಮೈಸೂರಿನ ಈಜುಕೊಳಕ್ಕೆ ಹೋದರೆ ಅಲ್ಲೂ ಅವಳು ಒಂಟಿ. ರಿಲೇ ತಂಡದ ಉಳಿದ ಮೂವರು ತಮ್ಮ ತಮ್ಮಲ್ಲೇ ನಗುತ್ತಿದ್ದರು. ಇವಳನ್ನು ಬೈದವರಿಲ್ಲ, ಕರೆದವರೂ ಇಲ್ಲ. ಬೈದಿದ್ದರೇ ವಾಸಿಯಿತ್ತು.

ಮೂವರಿಗೂ ಮೈಗೆ ಬಿಗಿದು ಮೊಣಕಾಲಿನವರೆಗೆ ಬರುವ ಕಪ್ಪು ರೇಸಿಂಗ್ ಸೂಟ್ ಇತ್ತು. ಹನ್ನೆರಡು ದಾಟದ ಮಕ್ಕಳು ಅದನ್ನು ಹಾಕುವಂತಿಲ್ಲ. ದಾಟಿದವರೂ ಹಿಂಬದಿಯ ಬಿಳಿ ಚೌಕದಲ್ಲಿ ಒಪ್ಪಿಗೆಯ ಗುರುತು, ನಂಬರು ಇರುವುದನ್ನೇ ಹಾಕಬೇಕು ಎಂಬುದು ಸ್ಪರ್ಧೆಯ ನಿಯಮ. ಹದಿಮೂರು ತುಂಬಿದ್ದೇ ತಡ, ಗೌರಿ ಹಬ್ಬದ ಲಂಗದ ಬದಲು ಅದೇ ಬೇಕೆಂದು ಹರ್ಷಿತಾ ಅಪ್ಪನನ್ನು ಕಾಡಿ ತರಿಸಿಕೊಂಡಳು. ವೇಗದ ಆಸೆ ಅಷ್ಟಿರಲಿಲ್ಲ. ಅದನ್ನು ತೊಟ್ಟರೆ ಅವರು ತನ್ನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ ಎಂಬ ಆಸೆ.

ಸ್ಪರ್ಧೆಯ ಹಿಂದಿನ ದಿನ ಅಜ್ಜಿ ಬಸವಮ್ಮ ಸೂಟನ್ನು ದೇವರ ಮುಂದೆ ಇಟ್ಟಿದ್ದಳು.

"ಒಸ ಬಟ್ಟೆ ಕಣವ್ವ. ಅರಿಶಿಣ ಇಕ್ದೆ ಆಕ್ಕೋಬಾರ್ದು."

ಕಪ್ಪಿನ ಮೇಲೆ ಅರಿಶಿಣ ಕಾಣುವುದಿಲ್ಲವಲ್ಲ. ಹಿಂಬದಿಯ ಬಿಳಿ ಚೌಕವನ್ನು ಹುಡುಕಿ ಅಲ್ಲೇ ಬೊಟ್ಟಿಟ್ಟಿದ್ದಳು.

ಹರ್ಷಿತಾ ಅದನ್ನು ನೋಡಿದಳು. ನಾಳೆ ಆ ಮೂವರು ನೋಡಿದರೆ ಹಳ್ಳಿಗುಗ್ಗು ಎಂದು ನಗುವುದಿಲ್ಲವೇ? ಅಜ್ಜಿ ಕೊಟ್ಟಿಗೆಗೆ ಹೋದದ್ದೇ ಬಚ್ಚಲಿಗೆ ಓಡಿ ಬಟ್ಟೆ ಸೋಪು ಹಚ್ಚಿದಳು. ಸೋಪಿಗೆ ಅರಿಶಿಣ ಕೆಂಪಾಯಿತು. ಗಾಬರಿಯಾಗಿ ಬ್ರಷ್ಷು ಹಿಡಿದು, ಬಣ್ಣ ಪೂರ್ತಿ ಹೋಗುವ ತನಕ ಉಜ್ಜಿದಳು. ಫ್ಯಾನಿನಡಿ ಒಣಗಿಸಿ ಚೀಲಕ್ಕೆ ಹಾಕಿಕೊಂಡಳು.

ಮರುದಿನ ಈಜುಕೊಳದ ಬಳಿ ಸೂಟ್ ನೋಡುವ ಮೇಡಂ ಅದನ್ನು ತಿರುಗಿಸಿ, ಕನ್ನಡಕ ಏರಿಸಿ, ಮತ್ತೆ ತಿರುಗಿಸಿದರು.

"ಗುರುತೇ ಇಲ್ಲವಲ್ಲಮ್ಮ. ಯಾಕೆ ಇಷ್ಟು ಉಜ್ಜಿದ್ದೀಯ?"

"ಅರಿಶಿಣ ಇತ್ತು ಮೇಡಂ. ಅಜ್ಜಿ ಇಟ್ಟಿದ್ರು."

"ಅರಿಶಿಣ ಇದ್ರೆ ಇರ್ಲಿ ಅಂತ ಬಿಡಬೇಕಿತ್ತು. ಅದರಡಿ ನಂಬರು ಕಾಣ್ತಿತ್ತು." ಅವರು ತಮ್ಮ ಸೀರೆಯ ಸೆರಗಿನ ತುದಿ ತೋರಿಸಿದರು. ಅಲ್ಲೊಂದು ಹಳದಿ ಬೊಟ್ಟು. "ನಮ್ಮನೇಲೂ ಇಡ್ತಾರೆ. ಆದರೆ ನಂಬರಿಲ್ಲದ್ದನ್ನ ನಾನು ಬಿಡೋ ಹಾಗಿಲ್ಲ ಕಣಮ್ಮ."

ಹಳೆಯ ಈಜುಡುಗೆಯನ್ನು ಇನ್ನೇಕೆಂದು ಮನೆಯಲ್ಲೇ ಬಿಟ್ಟು ಬಂದಿದ್ದಳು. ತರಬೇತುದಾರರು ಅವಳ ಜಾಗಕ್ಕೆ ಚಿನ್ನು ಎಂಬ ಹುಡುಗಿಯನ್ನು ಇಳಿಸಿದರು. ತಂಡ ಗೆದ್ದಿತು. ನಾಲ್ವರೂ ಹೆಗಲ ಮೇಲೆ ಕೈ ಹಾಕಿಕೊಂಡು ಫೋಟೋಗೆ ನಿಂತರು. ಹರ್ಷಿತಾ ಬೆಂಚಿನ ಮೇಲೆ ಚೀಲ ತಬ್ಬಿ ಕೂತಿದ್ದಳು. ಅರಿಶಿಣ ನೋಡಿ ನಗಬಹುದೆಂದು ಹೆದರಿದ್ದಳಲ್ಲ, ಅವರು ಈ ಕಡೆ ತಿರುಗಿಯೂ ನೋಡಲಿಲ್ಲ.

ಸಂಜೆ ಅಜ್ಜಿ ಜಗಲಿಯಲ್ಲೇ ಕಾದಿದ್ದಳು.

"ಎಂಗಾಯ್ತವ್ವ?"

"ಗೆದ್ವಿ ಅಜ್ಜಿ."

"ಅರಿಶಿಣ ಇಕ್ಕಿದ್ದು ಸುಮ್ನೆ ಓಯ್ತದಾ?" ಎನ್ನುತ್ತ ಬಸವಮ್ಮ ಒದ್ದೆ ಬಟ್ಟೆ ಹರವಲು ಚೀಲದಿಂದ ಸೂಟ್ ತೆಗೆದಳು. ಬಿಳಿ ಚೌಕದ ಮೇಲೆ ಕಣ್ಣಾಡಿಸಿದಳು. "ಎಲ್ಲವ್ವ ಬೊಟ್ಟು?"

"ಈಜುವಾಗ ನೀರಲ್ಲಿ ಹೋಯ್ತು."

ಅಜ್ಜಿ ಬಟ್ಟೆಯನ್ನು ಹಿಂಡಲು ಹೋಗಿ ಕೈ ತಡೆದಳು. ಅದು ಗರಿಗರಿ ಒಣಗಿತ್ತು. ಮೊಮ್ಮಗಳ ಮುಖ ನೋಡಿದಳು. ಆಮೇಲೆ ಹಿತ್ತಲಿಗೆ ಹೋಗಿ, ಆ ಒಣ ಬಟ್ಟೆಯನ್ನೇ ತಂತಿಯ ಮೇಲೆ ಹರವಿ ಬಂದಳು.