ಪಾಲಾಕ್ಷ ಹುಟ್ಟಿದೂರು

ಹೊಸ ರಾಜ್ಯಾಂಗ ಬರೆದು ಮುಗಿಸಿದ್ದಾರೆಂಬ ಸುದ್ದಿ ಬಂದ ವಾರ ಅರಕಲಗೂಡಿನ ಗೌರೀಶಂಕರ ಮೇಷ್ಟ್ರಿಗೆ ಬಿಡುವೇ ಇರಲಿಲ್ಲ. ಊರಿಗೆಲ್ಲ ಪೇಪರ್ ಓದಿ ಹೇಳುವವರು ಅವರೇ. ಅಂದು ಸಂಜೆ ಹೊಗೆಸೊಪ್ಪಿನ ವ್ಯಾಪಾರಿ ಪಾಲಾಕ್ಷನ ಜಗಲಿಯಲ್ಲಿ ಕೂತು, "ರಾಷ್ಟ್ರಪತಿ ಆಗೋನು ಈ ದೇಶದ ಪ್ರಜೆ ಆಗಿರಬೇಕಂತೆ, ಮೂವತ್ತೈದು ತುಂಬಿರಬೇಕಂತೆ. ಪ್ರಜೆ ಅಂದ್ರೆ ಇಲ್ಲಿ ಹುಟ್ಟಿದೋನು ಅಂತ ಇಟ್ಕೊಳ್ಳಿ," ಎಂದರು.

ಕೂತವರಿಗೆ ಆಟ ಸಿಕ್ಕಿತು. ಗಾಡಿ ಹೊಡೆಯುವ ದ್ಯಾವಯ್ಯನನ್ನು ಎದ್ದು ನಿಲ್ಲಿಸಿದರು. ಹುಟ್ಟಿದ್ದು ಹರದನಹಳ್ಳಿ, ಸರಿ. ವಯಸ್ಸು ಮಾತ್ರ ಅವನಿಗೇ ಗೊತ್ತಿಲ್ಲ, ಫೇಲು. ಆಮೇಲೆ ಪಾಲಾಕ್ಷನ ಸರದಿ.

"ನಲವತ್ತೊಂದು. ಹುಟ್ಟಿದ್ದು ರುದ್ರಪಟ್ಟಣ, ನಮ್ಮವ್ವನ ತವರು," ಎಂದ. ಚೊಚ್ಚಲ ಹೆರಿಗೆ ತವರಲ್ಲೇ ಅಲ್ಲವೇ, ಯಾರು ಅನುಮಾನ ಪಡುತ್ತಾರೆ?

ಬಾಗಿಲ ಹಿಂದೆ ಅಕ್ಕಿ ಆರಿಸುತ್ತಿದ್ದ ಅವನ ತಾಯಿ ರೇವಮ್ಮನ ಕೈ ನಿಂತುಹೋಯಿತು.

"ಒರಗಡೆ ಹುಟ್ಟಿದೋರ್ನ ಏನ್ ಮಾಡ್ತಾರೆ ಸಾ?" ದ್ಯಾವಯ್ಯ ಕೇಳಿದ.

"ಇನ್ನೇನು, ಅವರವರ ದೇಶಕ್ಕೆ ಕಳಿಸ್ತಾರೆ," ಎಂದು ಮೇಷ್ಟ್ರು ಪೇಪರ್ ಮಡಚಿದರು. ಪುಣ್ಯಾತ್ಮ, ಆಡಿದ ಮಾತು ಯಾರ ತಲೆ ಮೇಲೆ ಬಿತ್ತೆಂದು ತಿರುಗಿ ನೋಡಿದವರಲ್ಲ.

ಪಾಲಾಕ್ಷ ಹುಟ್ಟಿದ್ದು ಕಡಲಾಚೆಯ ರಂಗೂನಿನಲ್ಲಿ. ವ್ಯಾಪಾರಕ್ಕೆಂದು ಹೊರಟ ಗಂಡನ ಜೊತೆ ಹಡಗು ಹತ್ತಿದಾಗ ರೇವಮ್ಮನಿಗೆ ಹದಿನೇಳು. ಎರಡು ವರ್ಷದ ಕೂಸಿನೊಂದಿಗೆ ಹಿಂದಿರುಗಿದಾಗ, ಕಡಲಾಚೆ ಹೆತ್ತಳೆಂದು ಜನ ಆಡಿಕೊಂಡಾರೆಂದು ಗಂಡ ತವರಿನ ಹೆಸರು ಹೇಳಿದ. ತವರಿನವರೂ ಹೂಂ ಅಂದರು. ಗಂಡನೂ ಅವರೂ ಸತ್ತು ಎಷ್ಟೋ ವರ್ಷ. ಮಗನಿಗೂ ಅವಳು ಹೇಳಿರಲಿಲ್ಲ. ಆಗ ರಂಗೂನಿಗೂ ಇಲ್ಲಿಗೂ ಒಬ್ಬನೇ ಬಿಳಿ ದೊರೆ, ಬೇರೆ ದೇಶಕ್ಕೆ ಹೋದೆನೆಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ. ಈಗ ಯಾರೋ ಗೆರೆ ಎಳೆದಿದ್ದಾರೆ, ಮಗ ಆಚೆ ಬಿದ್ದಿದ್ದಾನೆ. ಉತ್ತರದ ಕಡೆ ಗೆರೆ ಎಳೆದಾಗ ಜನ ಮನೆಮಠ ಬಿಟ್ಟು ರೈಲು ಹತ್ತಿದ್ದನ್ನು ಇದೇ ಮೇಷ್ಟ್ರು ಓದಿದ್ದರಲ್ಲ!

ನಾಲ್ಕು ದಿನ ಅವಳು ಬೀದಿಗಿಳಿಯಲಿಲ್ಲ. ಖಾಕಿ ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ತಾಲ್ಲೂಕು ಕಚೇರಿ ಜವಾನ ಬಾಗಿಲು ಬಡಿದಾಗ ಹಿತ್ತಲಿಗೆ ಓಡಿ ಹುಲ್ಲಿನ ಮೆದೆ ಹಿಂದೆ ಅವಿತಳು. ಅವನು ಬಂದದ್ದು ಒಂದೆಸಳು ಹೊಗೆಸೊಪ್ಪಿಗೆ.

ಪಾಲಾಕ್ಷನೂ ಯಾಕೋ ಸೊರಗಿದ್ದ. ಎಂದೂ ಇಲ್ಲದ್ದು, ಹೆಂಡತಿ ನೀಲಾಂಬಿಕೆಯನ್ನು ದಿನಾ ಅಂಗಡಿಗೆ ಕರೆದೊಯ್ದು ತಕ್ಕಡಿ ಹಿಡಿಯಲು ಕಲಿಸುತ್ತಿದ್ದ. ಇವನಿಗೇನು ಬಂತು ಎಂದುಕೊಂಡಳೇ ಹೊರತು ರೇವಮ್ಮ ಕೇಳಲಿಲ್ಲ. ಅವಳ ಭಯವೇ ಅವಳಿಗೆ ಸಾಕಾಗಿತ್ತು.

ಐದನೆಯ ದಿನ ತಡೆಯಲಾರದೆ ಮೇಷ್ಟ್ರ ಮನೆಗೆ ಹೋದಳು.

"ನಮಗೆ ಬೇಕಾದೋರು ಒಬ್ರು ಮೇಷ್ಟ್ರೇ. ಪಾಪ, ಒರಗೆ ಹುಟ್ಬುಟ್ಟವ್ರೆ. ಚಿಕ್ಕಂದಿಂದ ಇಲ್ಲೇ ಅವ್ರೆ. ಅವರನ್ನೂ ಕಳಿಸ್ಬುಡ್ತಾರಾ?"

ಮೇಷ್ಟ್ರು ಕನ್ನಡಕ ಏರಿಸಿ, ಪೇಪರ್ ಹುಡುಕಿ, ಈ ಸಲ ಪೂರ್ತಿ ಓದಿದರು. ಮುಖ ಪೆಚ್ಚಾಯಿತು.

"ಅವತ್ತು ನಾನು ಬಾಯಿಗೆ ಬಂದಂಗೆ ಹೇಳ್ಬಿಟ್ಟೆ ಕಣಮ್ಮ. ಇಲ್ಲೇ ನೆಲೆ ನಿಂತಿದ್ದು, ಅಪ್ಪ ಅವ್ವ ಇಬ್ರಲ್ಲಿ ಒಬ್ರು ಇಲ್ಲಿ ಹುಟ್ಟಿದ್ರೂ ಅವರು ಪ್ರಜೆನೇ. ರಾಷ್ಟ್ರಪತಿನೂ ಆಗಬಹುದು."

"ಅವ್ವ ಒಬ್ಬಳು ಹುಟ್ಟಿದ್ರೂ ಸಾಕಾ?"

"ಸಾಕು."

ರೇವಮ್ಮ ಮನೆಗೆ ಹೋಗಲಿಲ್ಲ, ಸೆರಗು ಬಿಗಿದು ನೇರ ಅಂಗಡಿಗೆ ನಡೆದಳು. ಒಳಗೆ ಪಾಲಾಕ್ಷ ಹೆಂಡತಿಗೆ ಹೇಳುತ್ತಿದ್ದ: "ನಾನಿಲ್ದಾಗ ಯಾರಾದ್ರೂ ಮೋಸ ಮಾಡ್ಯಾರು. ತೂಕ ಹಿಂಗೇ ಹಿಡೀಬೇಕು. ಅವ್ವಂಗೆ ಏನೂ ಹೇಳಬ್ಯಾಡ."

ರೇವಮ್ಮನಿಗೆ ಹೊಸಿಲು ದಾಟಲಾಗಲಿಲ್ಲ. ಮಗನಿಗೆ ಗೊತ್ತಿತ್ತು. ಹೋಗಬೇಕಾಗುತ್ತದೆಂದು ಸಂಸಾರಕ್ಕೆ ದಾರಿ ಮಾಡಿಡುತ್ತಿದ್ದ.

"ತಕ್ಕಡಿ ಕೆಳಗಿಡೋ ಪಾಲಾಕ್ಷ," ಎಂದಳು. "ನೀನೆಲ್ಲಿ ಹುಟ್ಟಿದ್ರೂ ಚಿಂತೆಯಿಲ್ಲ ಕಣಪ್ಪ. ನಾನು ರುದ್ರಪಟ್ಟಣದಲ್ಲಿ ಹುಟ್ಟಿದೀನಿ, ಅಷ್ಟೇ ಸಾಕಂತೆ."

"ಅಪ್ಪ ಸಾಯೋವಾಗ ಹೇಳಿದ್ದ ಕಣವ್ವ," ಎಂದವನು ಹೊಗೆಸೊಪ್ಪಿನ ಹೊರೆಯ ಮೇಲೆ ಕುಸಿದು ಗೊಳೋ ಎಂದು ಅತ್ತ.