ನಾಲ್ಕನೇ ವಿಷಯ

“ಗಾಡಿ ಇಲ್ಲಿಂದ ಮುಂದಕ್ಕೆ ಹೋಗಲ್ಲ ಸಾರ್,” ಎನ್ನುತ್ತ ಶವದ ವ್ಯಾನಿನ ಚಾಲಕ ಇಂಜಿನ್ ನಿಲ್ಲಿಸಿ ಕೆಳಗಿಳಿದ. “ಮುಂದೆ ರಸ್ತೆನೇ ಇಲ್ಲ.”

ನಿಜಕ್ಕೂ ಇರಲಿಲ್ಲ. ಬೆಳಿಗ್ಗೆ ಆರಕ್ಕೆ ಬಂದ ಅಗೆಯುವ ಯಂತ್ರ ಬೀದಿಯ ಬಾಯಿಗೆ ಅಡ್ಡಲಾಗಿ ಆಳೆತ್ತರದ ಗುಂಡಿ ತೋಡಿ, ಮಣ್ಣನ್ನು ಎರಡೂ ಬದಿಗೆ ಗುಡ್ಡೆ ಹಾಕಿತ್ತು. ವ್ಯಾನು ಆಚೆ ಉಳಿಯಿತು. ಈಚೆ, ಒಂಬತ್ತನೇ ಮನೆಯ ಮುಂದಿನ ಕೋಣೆಯಲ್ಲಿ, ಪೆಟ್ಟಿಗೆಯೊಳಗೆ ಮಾಜಿ ಮೆಂಬರ್ ಮಲಗಿದ್ದರು. ಈ ವಾರ್ಡಿನಿಂದ ನಗರಸಭೆಗೆ ಎರಡು ಸಲ ಗೆದ್ದು ಮೂರನೇ ಸಲ ಸೋತ ಹೆಂಗಸು, ವಯಸ್ಸು ಅರವತ್ತೇಳು. ಹತ್ತು ಗಂಟೆಗೆ ಹೊರಡುವುದೆಂದು ಮನೆಯವರು ಹೇಳಿದ್ದರು. ಆಗ ಒಂಬತ್ತೂಕಾಲು.

“ಇವತ್ತೇ ಅಗೀಬೇಕಿತ್ತಾ? ಬಾಯ್ಬಿಟ್ಟು ಒಂದು ಮಾತು ಹೇಳ್ಬಾರ್ದಾ?” ಎಂದು ಎದುರುಮನೆಯ ಟೈಲರ್ ಗುಂಡಿಯ ಅಂಚಿನಲ್ಲಿ ನಿಂತು ಕೂಗಿದ.

ಕೆಳಗಿನಿಂದ ಮೇಸ್ತ್ರಿ ತಲೆ ಎತ್ತಿದ. “ನಂಗೆ ಅಗಿ ಅಂತ ಹೇಳಿದ್ರು, ಅಗಿದೆ. ಯಾರಿಗೆ ಹೇಳ್ಬೇಕು ಅಂತ ಯಾರೂ ಹೇಳ್ಲಿಲ್ಲ ಸ್ವಾಮಿ.”

“ಮೈಕಮ್ಮ ಇದ್ದಿದ್ರೆ ಮೂರು ದಿನ ಮುಂಚೇನೇ ಚೀಟಿ ಬರ್ತಿತ್ತು,” ಎಂದಳು ಹಿಟ್ಟಿನ ಗಿರಣಿಯವಳು.

“ಮೈಕಮ್ಮ ಇದ್ದಿದ್ರೆ ವ್ಯಾನ್ಯಾಕಮ್ಮ ಬರ್ತಿತ್ತು?” ಎಂದು ಯಾರೋ ಅಂದರು. ಇಬ್ಬರು ಮೂವರಿಗೆ ನಗು ಬಂತು. ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು.

*

ಮೆಂಬರ್ ಆಗುವ ಮೊದಲು ಇಪ್ಪತ್ತೆರಡು ವರ್ಷ ಅವರು ಬಸ್‌ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕೂತು ಮೈಕಿನಲ್ಲಿ ಹೇಳುತ್ತಿದ್ದರು. ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಯಾವುದು ತಡ, ಯಾವುದು ಇವತ್ತು ಇಲ್ಲ. ಮೈಕಮ್ಮ ಎನ್ನುವ ಹೆಸರು ಅಲ್ಲಿಂದ ಬಂದದ್ದು. ಕೆಟ್ಟು ನಿಂತ ಬಸ್ಸಿನ ಬಗ್ಗೆ “ಸ್ವಲ್ಪ ತಡ ಅನ್ನಿ, ಸಾಕು” ಎಂದು ಮೇಲಿನವರು ಹೇಳಿ ಕಳಿಸಿದರೆ ಅವರು ಒಪ್ಪುತ್ತಿರಲಿಲ್ಲ.

“ಜನಕ್ಕೆ ಕಾಯೋದು ಕಷ್ಟ ಅಲ್ಲ ಸಾರ್. ಎಷ್ಟು ಹೊತ್ತು ಅಂತ ಗೊತ್ತಿಲ್ದೆ ಕಾಯೋದು ಕಷ್ಟ.”

ಗಂಡ ಅದೇ ನಿಲ್ದಾಣಕ್ಕೆ ಬರುವ ಬಸ್ಸಿನ ಡ್ರೈವರ್. ಅವನ ಬಸ್ಸು ತಡವಾದರೂ ಮೈಕು ರಿಯಾಯಿತಿ ತೋರಿಸುತ್ತಿರಲಿಲ್ಲ. “ಹೆಂಡ್ತಿ ಕೈಲಿ ಮನೇಲಿ ಬೈಸ್ಕೊಳ್ಳೋರು ಬೇಕಾದಷ್ಟು ಜನ ಇದಾರೆ. ಮೈಕಲ್ಲಿ ಬೈಸ್ಕೊಂಡೋನು ನಾನೊಬ್ನೇ” ಎಂದು ಅವನು ಹೇಳಿಕೊಂಡು ತಿರುಗುತ್ತಿದ್ದ.

ಗೆದ್ದ ಮೊದಲ ತಿಂಗಳಲ್ಲೇ ಬೀದಿಗೆ ನಾಲ್ಕು ದಿನ ನೀರು ಬರಲಿಲ್ಲ. ಹೆಂಗಸರು ಖಾಲಿ ಕೊಡ ಹಿಡಿದು ಅವರ ಬಾಗಿಲಿಗೆ ಬಂದರು. “ಯಾಕೆ ಬರ್ತಿಲ್ಲ?” ಎಂದು ಕೇಳಿದರು. “ನಂಗೂ ಗೊತ್ತಿಲ್ಲ” ಎಂದಾಗ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ ಎಂದು ಆಮೇಲೆ ಗಂಡನಿಗೆ ಹೇಳಿದ್ದರು. ಮಾರನೆಯ ದಿನ ನೀರಿನ ಕಚೇರಿಗೆ ಹೋಗಿ ಇಂಜಿನಿಯರ್ ಎದುರಿನ ಬೆಂಚಿನ ಮೇಲೆ ಕೂತರು. ಮಧ್ಯಾಹ್ನ ಒಂದು ಗಂಟೆಯಾಯಿತು, ಒಂದೂವರೆಯಾಯಿತು. ಅವರೆದುರಿಗೆ ಬುತ್ತಿ ಬಿಚ್ಚಲಾರದೆ ಇಂಜಿನಿಯರ್ ಕೊನೆಗೆ ಯಾವ ಬೀದಿಗೆ ಯಾವಾಗ ನೀರು ಬಿಡುತ್ತಾರೆ ಎನ್ನುವ ಪಟ್ಟಿಯನ್ನೇ ಕೈಗೆ ಕೊಟ್ಟ.

ಅದನ್ನು ದುಂಡಗಿನ ಅಕ್ಷರದಲ್ಲಿ ನಕಲು ಮಾಡಿ ಏಳು ಕಡೆ ಅಂಟಿಸಿದರು. ಅಲ್ಲಿಂದ ಪ್ರತಿ ಸೋಮವಾರ ಒಂದು ಚೀಟಿ. ಒಂದು, ಎರಡು, ಮೂರು ಎಂದು ವಿಷಯಗಳು. ತಿಂಗಳ ಮೊದಲ ಶನಿವಾರ ಗಿರಣಿಯ ಶೆಡ್ಡಿನಲ್ಲಿ ಸಭೆ. ಎಲ್ಲರೂ ಒಟ್ಟಿಗೆ ಕೂಗಾಡುತ್ತಿದ್ದುದರಿಂದ, ಮಾತಾಡುವವರು ಕೈ ಎತ್ತಬೇಕು ಎಂದು ನಿಯಮ ಮಾಡಿದರು. ಟೈಲರ್ ಮೊದಲ ದಿನ ಎರಡೂ ಕೈ ಎತ್ತಿದ್ದ.

*

ಈಗಿನ ಮೆಂಬರ್ ಬೈಕನ್ನು ವ್ಯಾನಿನ ಪಕ್ಕ ನಿಲ್ಲಿಸಿ, ಗುಡ್ಡೆ ಹತ್ತಿ, ಹಲಗೆಯ ಮೇಲೆ ಒಂದೊಂದೇ ಹೆಜ್ಜೆಯಿಟ್ಟು ಈಚೆ ಬಂದ. ನಲವತ್ತರ ಆಸುಪಾಸು. ಇಸ್ತ್ರಿ ಮಾಡಿದ ಬಿಳಿ ಅಂಗಿಯ ತೋಳಿಗೆ ಮಣ್ಣು ಮೆತ್ತಿತ್ತು.

“ನಿಮಗೆ ಗೊತ್ತಿತ್ತಾ?” ಟೈಲರ್ ನೇರವಾಗಿ ಕೇಳಿದ.

ಮೆಂಬರ್ ತೋಳಿನ ಮಣ್ಣು ಕೊಡವಿದ. “ಹೋದ ವಾರ ಕಾಗದ ಬಂದಿತ್ತು. ಮೇಜಿನ ಮೇಲೇ ಇದೆ.”

“ಮತ್ತೆ?”

“ಪ್ರತಿ ಶುಕ್ರವಾರ ಅಮ್ಮನೇ ಬಂದು, ಏನೇನು ಕಾಗದ ಬಂದಿದೆ ಅಂತ ಕೇಳಿ ಬರ್ಕೊಂಡು ಹೋಗ್ತಿದ್ರು. ಐದು ವಾರ ಆಯ್ತು, ಬಂದಿರ್ಲಿಲ್ಲ. ನಂಗೆ…” ಅವನು ಜೇಬಿನಿಂದ ಫೋನ್ ತೆಗೆದ. “ಈಗ್ಲೇ ಕೆಲಸ ನಿಲ್ಲಿಸ್ತೀನಿ. ಗುಂಡಿ ಮುಚ್ಚಿಸ್ತೀನಿ. ವ್ಯಾನು ಮನೆ ಬಾಗಿಲಿಗೇ ಬರುತ್ತೆ.”

ಅವನು ಹಾಗೆ ಹೇಳಿದ್ದು ತೋರಿಕೆಗಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅದಕ್ಕೆ ಕಾರಣವೂ ಗೊತ್ತಿತ್ತು.

*

ಮೈಕಮ್ಮನ ಎರಡನೇ ಅವಧಿಯ ಕೊನೆಯ ವರ್ಷ ಕೆಳಗಿನ ಬೀದಿಯ ಹೊಸ ಚರಂಡಿ ಮೊದಲ ಮಳೆಗೇ ಉಕ್ಕಿ ಹನ್ನೆರಡು ಮನೆಗೆ ಕೊಳಚೆ ನುಗ್ಗಿತು. ಅಲ್ಲೇ ಇದ್ದ ಟೈಲರನ ತಾಯಿ ಎಂಟು ದಿನ ಆಸ್ಪತ್ರೆಯಲ್ಲಿ ಮಲಗಿದಳು. ಕೆಲಸ ಮಾಡಿದವನದು ತಪ್ಪು, ಅಳತೆ ಹಾಕಿದವನದು ತಪ್ಪು ಎಂದು ಜನ ಬೈದರು. ಸೋಮವಾರ ಚೀಟಿ ಬಂತು.

“೧. ಚರಂಡಿ ಸರಿಯಾಗಿದೆ ಎಂದು ಸಹಿ ಹಾಕಿದ್ದು ನಾನು. ನೋಡಿದ್ದು ಒಂದು ತುದಿ ಮಾತ್ರ. ಇನ್ನೊಂದು ತುದಿಗೆ ನಡೆದು ಹೋಗಬೇಕಿತ್ತು. ಹೋಗಲಿಲ್ಲ.”

“ಇದನ್ನ ಬರೀಲೇಬೇಕಿತ್ತಾ?” ಎಂದು ಗಂಡ ಕೇಳಿದ.

“ಬೇರೆಯವ್ರ ಬಸ್ಸು ತಡ ಆದ್ರೆ ಹೇಳೋದು, ನಂದಾದ್ರೆ ಸುಮ್ನಿರೋದಾ?”

ಚುನಾವಣೆಯಲ್ಲಿ ಎದುರಾಳಿ, ಅಂದರೆ ಈಗಿನ ಮೆಂಬರ್, ಬೇರೇನೂ ಮಾಡಲಿಲ್ಲ. ಆ ಚೀಟಿಯನ್ನೇ ಎರಡು ಸಾವಿರ ಜೆರಾಕ್ಸ್ ಮಾಡಿಸಿ ಮನೆಮನೆಗೆ ಹಂಚಿದ. ಅರವತ್ತೊಂದು ಮತಗಳಿಂದ ಗೆದ್ದ. ಗೆದ್ದ ಮೂರನೇ ದಿನ ಅವರು ಅವನ ಕಚೇರಿಗೆ ಬಂದು ಕುರ್ಚಿ ಎಳೆದುಕೊಂಡು ಕೂತು, ಪೆನ್ನಿನ ಮುಚ್ಚಳ ತೆಗೆದು, “ಈ ವಾರ ಏನೇನು ಬಂದಿದೆಯಪ್ಪ?” ಎಂದು ಕೇಳಿದ್ದರು. ಜೆರಾಕ್ಸಿನ ಮಾತನ್ನು ಆ ದಿನವೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ.

*

“ಗುಂಡಿ ಮುಚ್ಚಬೇಡಿ,” ಎಂದು ಗಂಡ ಹೇಳಿದ. ಅವನು ಬಾಗಿಲಿನಿಂದ ಯಾವಾಗ ಬಂದನೋ ಯಾರೂ ನೋಡಿರಲಿಲ್ಲ. “ಮೇಸ್ತ್ರಿ, ಈಗ ನಿಲ್ಲಿಸಿದ್ರೆ ಏನಾಗುತ್ತೆ?”

“ಹಳೇ ಪೈಪು ಕತ್ತರಿಸಿ ಆಗಿದೆ. ಇವತ್ತು ಜೋಡಿಸ್ಲಿಲ್ಲ ಅಂದ್ರೆ ಕೆಳಗಿನ ಬೀದಿಗೆ ಇನ್ನೆರಡು ದಿನ ನೀರಿಲ್ಲ.”

“ಕೇಳಿದ್ರಲ್ಲ. ಅವಳು ಒಪ್ಪಲ್ಲ.”

ಹಾಗಾದರೆ ಏನು ಮಾಡುವುದು? ಹಲಗೆಯ ಮೇಲೆ ಪೆಟ್ಟಿಗೆ ದಾಟಿಸೋಣ ಎಂದರು ಕೆಲವರು. ಅಂಚು ಸಡಿಲ, ಕುಸಿಯುತ್ತದೆ ಎಂದ ಮೇಸ್ತ್ರಿ. ಪೈಪಿನ ಕೆಲಸ ಮುಗಿಯುವ ಮೂರು ಗಂಟೆಯವರೆಗೆ ಕಾಯೋಣ ಎಂದರು ಇನ್ನು ಕೆಲವರು. ಹಿಂದಿನ ಓಣಿಯಿಂದ ಹೆಗಲ ಮೇಲೆ ಹೊತ್ತು ಹೋಗಿ, ದೊಡ್ಡ ರಸ್ತೆಯಲ್ಲಿ ವ್ಯಾನಿಗೆ ಇಡೋಣ ಎಂದಳು ಗಿರಣಿಯವಳು. ಆ ಓಣಿಯಲ್ಲಿ ಎರಡೂ ಕಡೆ ಗಾಡಿ ನಿಂತಿರುತ್ತವೆ, ಬೆಕ್ಕು ದಾಟುವುದೂ ಕಷ್ಟ ಎಂದು ನಾಲ್ಕು ಜನ ಒಟ್ಟಿಗೆ ಬಾಯಿ ಹಾಕಿದರು. ಗದ್ದಲವೆದ್ದಿತು.

ಟೈಲರ್ ಕೈ ಎತ್ತಿದ.

ಒಬ್ಬೊಬ್ಬರಾಗಿ ಸುಮ್ಮನಾದರು. ಅವನು ಹೇಳಿ ಮುಗಿಸಿದ ಮೇಲೆ ಗಿರಣಿಯವಳು ಕೈ ಎತ್ತಿದಳು. ಆಮೇಲೆ ಮೆಂಬರ್, ಸುತ್ತ ನೋಡಿ, ಅರ್ಧಕ್ಕೆ ಕೈ ಎತ್ತಿದ. “ಓಣಿ ಖಾಲಿ ಮಾಡ್ಸೋದು ನನ್ನ ಜವಾಬ್ದಾರಿ,” ಎಂದ.

“ಅಪ್ಪಾ!” ಮಗಳು ಒಳಗಿನಿಂದ ಬಂದಿದ್ದಳು. ಮೂವತ್ತಾರು ವರ್ಷ, ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. “ಅಮ್ಮನ್ನ ಒಳಗೆ ಮಲಗ್ಸಿ ಇಲ್ಲಿ ಮೀಟಿಂಗ್ ಮಾಡ್ತಿದೀರಾ?”

“ಅವಳಿಗೆ ಬೇಜಾರಾಗಲ್ಲ ಬಿಡಮ್ಮ,” ಎಂದ ತಂದೆ. “ಓಣಿ ಕಡೆಯಿಂದ ಹೋಗೋಣ ಅನ್ನೋರು ಕೈ ಎತ್ತಿ.”

ಇಬ್ಬರನ್ನು ಬಿಟ್ಟು ಎಲ್ಲರೂ ಎತ್ತಿದರು. ತಂದೆ ಒಳಗೆ ಹೋಗಿ ರಟ್ಟಿನ ಹೊದಿಕೆಯ ಪುಸ್ತಕವೊಂದನ್ನು ತಂದು ಮಗಳ ಕೈಗಿಟ್ಟ. “ಮೆಂಬರ್ ಜೊತೆ ನೀನೂ ಹೋಗು. ಹದಿನಾಲ್ಕು ಮನೆ ಇದೆ. ಸುಮ್ನೆ ಬಾಗಿಲು ಬಡಿದ್ರೆ ಆಗಲ್ಲ. ಯಾರಿಗೆ ಹೇಗೆ ಹೇಳ್ಬೇಕು ಅಂತ ಅವಳು ಬರೆದಿಟ್ಟಿದಾಳೆ.”

*

ಮಗಳಿಗೆ ತಾಯಿಯ ಆ ಅಕ್ಷರವೇ ಬೇಡವಾಗಿತ್ತು.

ಅವಳು ಬಾಡಿಗೆಗಿದ್ದದ್ದು ಅದೇ ಓಣಿಯ ಹನ್ನೊಂದನೇ ಮನೆಯ ಮಹಡಿಯಲ್ಲಿ. ತಾಯಿಯ ಮನೆಯಿಂದ ಮೂರು ನಿಮಿಷದ ದಾರಿ. ಹೋದ ಚಳಿಗಾಲದ ಒಂದು ಸೋಮವಾರ ಕೆಲಸಕ್ಕೆ ಹೋಗುವಾಗ ಔಷಧಿ ಅಂಗಡಿಯ ಗಾಜಿಗೆ ಅಂಟಿಸಿದ್ದ ಚೀಟಿಯನ್ನು ನಿಂತು ಓದಿದ್ದಳು.

“೩. ಗುರುವಾರ ಸೊಳ್ಳೆ ಔಷಧಿ ಹೊಡೆಯುತ್ತಾರೆ. ಕಿಟಕಿ ಮುಚ್ಚಿಕೊಳ್ಳಿ.

೪. ನನಗೆ ಕಾಯಿಲೆ. ವಾಸಿಯಾಗುವುದಲ್ಲ. ವೈದ್ಯರು ಆರು ತಿಂಗಳು ಎಂದಿದ್ದಾರೆ. ಚೀಟಿ ಬರೆಯಲು ಇಬ್ಬರು ಬೇಕು.

೫. ಶಾಲೆ ಗೇಟಿನ ಬಳಿಯ ಬೀದಿದೀಪ ಸರಿಯಾಗಿದೆ.”

ಅವಳು ಕೆಲಸಕ್ಕೆ ಹೋಗದೆ ನೇರ ತಾಯಿಯ ಮನೆಗೆ ಹೋಗಿದ್ದಳು. “ಊರಿಗೆಲ್ಲ ಗೊತ್ತಾದ್ಮೇಲೆ ನಂಗೆ ಗೊತ್ತಾಗ್ಬೇಕಾ? ಸೊಳ್ಳೆ ಔಷಧಿ ಆದ್ಮೇಲೆ ನಾನಾ?”

ತಾಯಿ ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದರು. “ಸೋಮವಾರ ಬಂದ್ಬಿಡ್ತು ಕಣೇ,” ಎಂದಷ್ಟೇ ಹೇಳಿದರು.

ಮಗಳು ಒಂದೂವರೆ ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಕೊನೆಯ ವಾರಗಳಲ್ಲಿ ಬಂದು ಸೇವೆ ಮಾಡಿದಳು. ತಲೆ ಬಾಚಿದಳು, ಮಗ್ಗುಲು ಬದಲಿಸಿದಳು. ಆದರೆ ಆ ವಿಷಯ ಇಬ್ಬರೂ ಎತ್ತಲಿಲ್ಲ. ಚೀಟಿ ಬರೆಯಲು ಯಾರೂ ಮುಂದೆ ಬರಲಿಲ್ಲ. ‘ಆಮೇಲೆ ನೋಡೋಣ ಬಿಡಿ, ನಿಮಗೇನಾಗಲ್ಲ’ ಎಂದರು ಎಲ್ಲರೂ. ಐದು ವಾರದ ಹಿಂದೆ ಅವರ ಕೈ ಪೆನ್ನು ಹಿಡಿಯದಾಯಿತು.

*

ಓಣಿಗೆ ಬರುವಷ್ಟರಲ್ಲಿ ಒಂದು ಹನಿಮಳೆ ಬಂದು ನಿಂತಿತ್ತು. ಎರಡೂ ಗೋಡೆಗೆ ಒತ್ತಿಕೊಂಡು ಸ್ಕೂಟರ್, ಬೈಕು, ಒಂದು ಸಾಮಾನಿನ ಆಟೊ, ಕೊನೆಯಲ್ಲಿ ಒಂದು ಕಾರು. ಮೆಂಬರ್ ಮೊದಲ ಬಾಗಿಲಿಗೆ ಕೈ ಎತ್ತಿದ.

“ಅಲ್ಲಿ ಬಡೀಬೇಡಿ,” ಎಂದಳು ಮಗಳು ಪುಸ್ತಕ ನೋಡುತ್ತ. “ಒಂದು: ಅಜ್ಜನಿಗೆ ಕಿವಿ ಕೇಳಲ್ಲ. ಕಿಟಕಿಗೆ ಬಂದು ಕೈ ಬೀಸಬೇಕು.”

ಮೆಂಬರ್ ಕಿಟಕಿಗೆ ಹೋಗಿ ಕೈ ಬೀಸಿದ. ಒಳಗಿನಿಂದ ಅಜ್ಜನೂ ಕೈ ಬೀಸಿದ. ಮೂಕಾಭಿನಯದಲ್ಲಿ ಪೆಟ್ಟಿಗೆ, ಹೆಗಲು, ಸ್ಕೂಟರ್ ಎಲ್ಲವನ್ನೂ ತಿಳಿಸುವುದರೊಳಗೆ ಮೆಂಬರಿಗೆ ಬೆವರಿಳಿಯಿತು.

“ನಾಲ್ಕು: ರಾತ್ರಿ ಪಾಳಿ ಮುಗಿಸಿ ಮಲಗಿರುತ್ತಾನೆ. ಹೆಂಡತಿಗೆ ಹೇಳಿದರೆ ಸಾಕು, ಎಬ್ಬಿಸಬೇಡಿ. ಏಳು: ಓದಲು ಬರುವುದಿಲ್ಲ ಎಂದು ಹೇಳಿಕೊಳ್ಳುವುದಿಲ್ಲ. ಚೀಟಿ ಕೊಟ್ಟು, ನಾವೇ ಜೋರಾಗಿ ಓದಿಕೊಳ್ಳುವವರ ಹಾಗೆ ಓದಬೇಕು. ಹತ್ತು: ನನ್ನ ಮೇಲೆ ಕೋಪ. ಗಿರಣಿಯವಳ ಕೈಲಿ ಹೇಳಿಸಬೇಕು.”

“ಹತ್ತನೇ ಮನೆಯೋರು ನನಗೆ ವೋಟು ಹಾಕಿದೋರು,” ಎಂದ ಮೆಂಬರ್. “ಅವರಿಗೆ ಯಾಕೆ ಹೇಳಿಸ್ತಿದ್ರೋ.”

ಮಗಳು ಹಾಳೆ ತಿರುಗಿಸಿದಳು. ತಿರುಗಿಸಿದವಳು ಅಲ್ಲೇ ನಿಂತಳು.

“ಹನ್ನೊಂದು, ಮಹಡಿ: ಮಗಳು. ಫೋನಿನಲ್ಲಿ ಬೇಡ. ಎದುರಿಗೆ ಕೂತು ಹೇಳಬೇಕು.” ಅದರ ಕೆಳಗೆ ಮೂರು ತಾರೀಕು. ಮೂರರ ಮುಂದೆಯೂ ಒಂದೇ ಮಾತು: “ಹೋದೆ. ಹೇಳಲಾಗಲಿಲ್ಲ.”

ಮೂರನೆಯದು ಆ ಸೋಮವಾರದ ಹಿಂದಿನ ದಿನ. ಅವಳಿಗೆ ನೆನಪಾಯಿತು. ತಾಯಿ ಮಧ್ಯಾಹ್ನ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಿದ್ದರು. ಒಂದು ಲೋಟ ನೀರು ಕುಡಿದರು. ಬಚ್ಚಲ ನಲ್ಲಿ ಸೋರುತ್ತಿದೆಯಾ ಎಂದು ಕೇಳಿದರು. ಇಲ್ಲ ಎಂದರೂ ಎದ್ದು ಹೋಗಿ ನೋಡಿ ಬಂದರು. ಮಗಳು ಬಟ್ಟೆ ಮಡಚುತ್ತ, ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಲೇ ಇದ್ದಳು. ತಾಯಿ ಮಡಚಿಟ್ಟ ಬಟ್ಟೆಯನ್ನೇ ಇನ್ನೊಮ್ಮೆ ಮಡಚಿ, “ಬರ್ತೀನಿ ಕಣೇ” ಎಂದು ಇಳಿದು ಹೋಗಿದ್ದರು.

“ಏನಾಯ್ತಮ್ಮಾ?” ಎಂದ ಮೆಂಬರ್. “ಹನ್ನೊಂದಕ್ಕೆ ಹೇಗೆ ಹೇಳ್ಬೇಕಂತೆ?”

ಅವಳು ಅಂಗೈಯಿಂದ ಮುಖ ಒರೆಸಿಕೊಂಡಳು.

“ಹನ್ನೊಂದಕ್ಕೆ ಗೊತ್ತಾಯ್ತು,” ಎಂದಳು. “ಹನ್ನೆರಡಕ್ಕೆ ನಡೀರಿ.”

ಹತ್ತಾಗಿ ಹತ್ತು ನಿಮಿಷಕ್ಕೆ ಪೆಟ್ಟಿಗೆ ಓಣಿಯೊಳಗೆ ಬಂತು. ಮುಂದೆ ಗಂಡ ಮತ್ತು ಟೈಲರ್ ಹೆಗಲು ಕೊಟ್ಟಿದ್ದರು, ಹಿಂದೆ ಮೆಂಬರ್ ಮತ್ತು ಮಗಳು. ಗಂಡ ಡ್ರೈವರ್ ಅಭ್ಯಾಸದಂತೆ ತಿರುವಿನಲ್ಲಿ ನಿಂತು ಎರಡೂ ಕಡೆ ನೋಡಿ ಮುಂದೆ ಹೆಜ್ಜೆಯಿಟ್ಟ.

ಓಣಿಯ ಹದಿನಾಲ್ಕು ಬಾಗಿಲೂ ತೆರೆದಿದ್ದವು. ಗಾಡಿಗಳನ್ನು ಇಡಲು ಬೇರೆ ಜಾಗವಿಲ್ಲದೆ ಜನ ಅವನ್ನು ಮನೆಯೊಳಗೇ ಎಳೆದುಕೊಂಡಿದ್ದರು. ಅಜ್ಜನ ಮಂಚದ ಪಕ್ಕ ಸ್ಕೂಟರ್ ನಿಂತಿತ್ತು. ನಾಲ್ಕನೇ ಮನೆಯಲ್ಲಿ, ನಿದ್ದೆಗಣ್ಣಿನಲ್ಲೇ ಎದ್ದು ಬಂದ ಗಂಡಸು ಊಟದ ಮೇಜಿಗೆ ತಗುಲಿದ ಬೈಕಿನ ಹಿಡಿ ಹಿಡಿದುಕೊಂಡು ನಿಂತಿದ್ದ. ಆಟೊ ಮತ್ತು ಕಾರನ್ನು ದೊಡ್ಡ ರಸ್ತೆಗೆ ತಳ್ಳಿದ್ದರು. ಹನಿಮಳೆಗೆ ನೆನೆದ ನೆಲದ ಮೇಲೆ, ಗಾಡಿಗಳು ನಿಂತಿದ್ದ ಜಾಗ ಮಾತ್ರ ಒದ್ದೆಯಾಗದೆ ಬೆಳ್ಳಗೆ ಉಳಿದಿತ್ತು, ಗೋಡೆಯ ಉದ್ದಕ್ಕೂ, ಎರಡು ಸಾಲು. ಪೆಟ್ಟಿಗೆ ಅವುಗಳ ನಡುವೆ ಸಾಗಿ ದೊಡ್ಡ ರಸ್ತೆಗೆ ತಿರುಗಿತು. ಆಮೇಲೂ ಯಾರೂ ಗಾಡಿಯನ್ನು ಹೊರಗೆ ತರಲಿಲ್ಲ. ಹೊಸ್ತಿಲಲ್ಲಿ ನಿಂತು, ಮತ್ತೆ ಶುರುವಾದ ಮಳೆಗೆ ಆ ಒಣ ಗುರುತುಗಳು ಒಂದೊಂದಾಗಿ ನೆನೆಯುವುದನ್ನು ನೋಡುತ್ತಿದ್ದರು.