ಗುರುಬಸಮ್ಮನ ತವರಿನ ಗಾಡಿ

ಗಂಗಾಧರಸ್ವಾಮಿಯ ಬಾಯಿಂದ ಹೆಂಡದ ವಾಸನೆ ಬಂದಾಗ ಮಲ್ಲಯ್ಯನಿಗೆ ಮೊದಲು ನಾಚಿಕೆಯಾಯಿತು, ಕುಡಿದವನು ತಾನೇ ಎಂಬಂತೆ.

ಇಬ್ಬರೂ ಮೈಸೂರಿನ ಕಾಲೇಜಿನಲ್ಲಿ ಎಫ್.ಎ. ಓದುತ್ತಿದ್ದರು. ಗಂಗಾಧರಸ್ವಾಮಿಯ ಅಕ್ಕ ಗುರುಬಸಮ್ಮನನ್ನು ಹೆರಿಗೆಗೆ ನಂಜನಗೂಡಿನ ತವರಿಗೆ ಕರೆದೊಯ್ಯಲು, ರಜೆಯಲ್ಲಿ ಗಾಡಿ ಕಟ್ಟಿಕೊಂಡು ನರಸೀಪುರಕ್ಕೆ ಬಂದಿದ್ದರು. ಊಟವಾದ ಮೇಲೆ ಎತ್ತಿಗೆ ನೀರು ಕುಡಿಸಲು ಹೋದ ಗಂಗಾಧರಸ್ವಾಮಿ ಈಚಲ ತೋಪನ್ನೂ ನೋಡಿಕೊಂಡು ಬಂದಿದ್ದ.

“ನೀನು ಗಾಡಿ ಹೊಡೀಬೇಡ,” ಎಂದ ಮಲ್ಲಯ್ಯ.

“ಲೇ, ನೀನ್ಯಾವಾಗ ಮಠದ ಸ್ವಾಮಿ ಆದೆ? ಎತ್ತಿಗೆ ದಾರಿ ಗೊತ್ತು ಕಣ್ಲಾ. ನಮ್ಮಜ್ಜ ಕುಡ್ದು ಗಾಡೀಲಿ ಮಲಗ್ಬುಟ್ರೂ ಮನೆ ಸೇರ್ತಿದ್ದ.”

“ನಿಮ್ಮಜ್ಜನ ಎತ್ತು ನಿಮ್ಮನೇಲೇ ಹುಟ್ಟಿದ್ದವು. ಇವು ಹೋದ ವಾರ ಹದಿನಾರು ಅನ್ನೋ ಊರಿಂದ ಬಂದವು. ಇವಕ್ಕೆ ಗೊತ್ತಿರೋದು ಅಲ್ಲಿಯ ದಾರಿ.”

ಹದಿನಾರಿನ ಹಾದಿ ಹೊಳೆಯ ದಂಡೆಯದು. ಮಳೆಗೆ ಅಲ್ಲಲ್ಲಿ ಕುಸಿದಿತ್ತು.

ಒಳಗೆ ಗುರುಬಸಮ್ಮನಿಗೆ ಮಡಿಲಕ್ಕಿ ತುಂಬುತ್ತಿದ್ದರು. ನಿಜ ಹೇಳಿದರೆ ಗಂಡನ ಮನೆಯಲ್ಲಿ ಆಕೆಯ ತಲೆ ತಗ್ಗುತ್ತದೆ, ಗೆಳೆಯನೂ ದೂರವಾಗುತ್ತಾನೆ. ಸುಮ್ಮನಿದ್ದರೆ? ಮಲ್ಲಯ್ಯನಿಗೆ ತಿಳಿದದ್ದು ಒಂದೇ ಉಪಾಯ: ಹೊರಡಲು ಕಟ್ಟಿದ ಗಾಡಿಯ ಎತ್ತು ಬಿಚ್ಚಿದರೆ ಅಪಶಕುನ, ಆ ದಿನ ಯಾರೂ ಹೆಣ್ಣುಮಗಳನ್ನು ಕಳಿಸುವುದಿಲ್ಲ. ಎತ್ತುಗಳ ಕೊರಳ ಹಗ್ಗ ಬಿಚ್ಚಿದ. ನೊಗ ದಢಾರನೆ ನೆಲಕ್ಕೆ ಬಿತ್ತು.

ಗುರುಬಸಮ್ಮನ ಮಾವ ಚಿಕ್ಕಬಸಪ್ಪ ಓಡಿಬಂದರು. “ಏನಯ್ಯಾ ಇದು ಅಪಶಕುನ! ತುಂಬಿದ ಬಸುರಿ ಹೊರಡೋ ಒತ್ನಲ್ಲಿ!”

“ಚಕ್ರದ ಕಡಾಣಿ ಸಡಿಲ ಆಗದೆ ಅಂತ…” ಮಲ್ಲಯ್ಯ ಚಕ್ರದತ್ತ ಬಾಗಿದ.

ಗಂಗಾಧರಸ್ವಾಮಿ ಹೊಸ್ತಿಲ ಕಡೆ ನೋಡಿದ. ಅಕ್ಕ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

“ಕಡಾಣಿ ಸರಿಯಾಗೇ ಅದೆ, ಮಾವ,” ಎಂದ. “ನಾನು ಕುಡ್ದಿವ್ನಿ. ಇವನು ಬಿಚ್ಚಿದ್ದೇ ಸರಿ.”

ಚಿಕ್ಕಬಸಪ್ಪ ಬಾಯಿ ತೆರೆಯುವ ಮೊದಲೇ ಗುರುಬಸಮ್ಮ ತಮ್ಮನಿಗೆ ಅಂದಳು: “ನಾಳೆ ಮಂಗಳವಾರ, ಆಗಕಿಲ್ಲ. ಬುಧವಾರ ಬತ್ತೀನಿ. ಅಲ್ಲೀಗಂಟ ಇಲ್ಲೇ ಬಿದ್ದಿರು. ಮಜ್ಜಿಗೆ ಕುಡಿ, ಕೊಟ್ಟಿಗೆ ಸಗಣಿ ಬಾಚು. ಓದಿದೋನು ನೋಡು!”

ಚಿಕ್ಕಬಸಪ್ಪ ಮುಖ ಗಂಟಿಕ್ಕಿಕೊಂಡೇ ಇದ್ದರು. ಆದರೂ ಮಜ್ಜಿಗೆ ತರಲು ಒಳಗೆ ಕೂಗಿ ಹೇಳಿದವರು ಅವರೇ.

ಗೆಳೆಯ ಇನ್ನು ಮಾತಾಡಿಸಲಾರ ಎಂದುಕೊಂಡು ಮಲ್ಲಯ್ಯ ಕೊಟ್ಟಿಗೆಯ ಮೂಲೆಯಲ್ಲಿ ನಿಂತಿದ್ದ. ಗಂಗಾಧರಸ್ವಾಮಿ ಸಗಣಿ ಮಂಕರಿಯನ್ನು ಅವನತ್ತ ನೂಕಿದ.

“ಆ ಕಡೆ ಇಡ್ಕೊಳ್ಲಾ. ಕಡಾಣಿಯಂತೆ! ಸುಳ್ಳೇಳಕ್ಕೂ ಬರಕಿಲ್ಲ ನಿಂಗೆ.” ತಲೆ ಎತ್ತದೆ ಅಂದ: “ಮೈಸೂರಲ್ಲಿ ನಾನು ಕುಡಿಯೋಕೆ ಮೊದಲೇ ಬೇಡ ಅನ್ನು. ಎತ್ತು ಬಿಚ್ಚೋ ತನಕ ಕಾಯ್ಬೇಡ.”